ನಮ್ಮ ಬೀದಿಗೆ ಹಂಪು ಬೇಕಾ ಬೇಡ್ವಾ? ಕೋಲಾರದವರು ಸ್ವಲ್ಪ ಹೇಳಿ

ಮೂಲೆಮನೆ:
ಎಲ್ರಿಗೂ ನಮಸ್ಕಾರ. ನಮ್ಮದು ಕೋಲಾರದಲ್ಲಿ ಮೂವತ್ತು ಅಡಿ ಅಗಲದ ಒಂದು ಬೀದಿ. ಈ ತುದಿಯಿಂದ ಆ ತುದಿಗೆ ನಾನೂರು ಮೀಟರ್ ಇರಬಹುದು. ನಡುವೆ ಅಂಗನವಾಡಿ, ಅದರ ಎದುರಿಗೆ ಹಾಲಿನ ಬೂತು, ಕೊನೆಗೆ ಗಣೇಶನ ಗುಡಿ. ಹೋದ ವರ್ಷದ ತನಕ ರಸ್ತೆ ತುಂಬ ಗುಂಡಿ ಇತ್ತು, ಯಾರಿಗೂ ಜೋರಾಗಿ ಓಡಿಸೋಕೆ ಆಗ್ತಿರಲಿಲ್ಲ. ಡಾಂಬರು ಹಾಕಿದ ದಿನ ಬೀದಿಯವರೆಲ್ಲ ಸೇರಿ ಗುಡೀಲಿ ಪೂಜೆ ಮಾಡಿಸಿದ್ವಿ. ಆ ಖುಷಿ ಒಂದು ತಿಂಗಳೂ ಉಳೀಲಿಲ್ಲ. ಬೆಳಗಿನ ಜಾವ ಮೂರೂವರೆಗೆ ಶುರುವಾದ್ರೆ ಟೊಮೆಟೊ ಪಿಕಪ್‌ಗಳು ಒಂದರ ಹಿಂದೆ ಒಂದು. ಎಪಿಎಂಸಿಗೆ ಹೋಗೋಕೆ ನಮ್ಮ ಬೀದೀನೇ ಒಳದಾರಿ ಮಾಡ್ಕೊಂಡಿದಾರೆ. ಸಂಜೆಯಾದ್ರೆ ಬೈಕುಗಳು.

ಹೋದ ತಿಂಗಳು ನಮ್ಮ ಎದುರುಮನೆ ಅಜ್ಜಿ ಹಾಲು ತರೋಕೆ ಹೋಗಿದ್ದಾಗ ಬೈಕು ತಗುಲಿ ಬಿದ್ರು. ಸೊಂಟದ ಮೂಳೆ ಮುರೀತು. ಆಪರೇಷನ್ ಆಗಿದೆ, ಈಗ ವಾಕರ್ ಹಿಡ್ಕೊಂಡು ಬಾಗಿಲ ತನಕ ಬರ್ತಾರೆ. ಬೈಕಿನವನು ನಿಲ್ಲಿಸಲೇ ಇಲ್ಲ.

ಸೋಮವಾರ ನಗರಸಭೆ ಸಾಮಾನ್ಯ ಸಭೆಯಲ್ಲಿ ಈ ವಿಷಯ ಬಂತು. ನಾವು ನಾಲ್ಕು ಜನ ಹೋಗಿ ಹಿಂದೆ ಕೂತಿದ್ವಿ. ನಮ್ಮ ವಾರ್ಡ್ ಮೆಂಬರು ಎದ್ದು ಆರು ಹಂಪು ಬೇಕು ಅಂದ್ರು. ಇನ್ನೊಬ್ಬ ಸದಸ್ಯರು, "ಒಂದು ಬೀದಿಗೆ ಕೊಟ್ರೆ ನಾಳೆ ಊರಿನ ಎಲ್ಲಾ ಬೀದಿಯವರೂ ಅರ್ಜಿ ಹಿಡ್ಕೊಂಡು ಬರ್ತಾರೆ, ಎಲ್ಲಿ ನಿಲ್ಲಿಸ್ತೀರಿ?" ಅಂತ ತಡೆದ್ರು. ಮತ್ತೊಬ್ಬರು ತಮ್ಮ ವಾರ್ಡಿನಲ್ಲಿ ಹಂಪಿಂದಲೇ ಬಿದ್ದು ಕೈಕಾಲು ಮುರ್ಕೊಂಡವರ ವಿಷಯ ಹೇಳಿದ್ರು. ಮುಕ್ಕಾಲು ಗಂಟೆ ವಾದ ನಡೀತು. ಸ್ಥಳ ಪರಿಶೀಲನೆ ಮಾಡಿ, ನಿವಾಸಿಗಳ ಒಪ್ಪಿಗೆ ತಗೊಂಡು ಮುಂದಿನ ಸಭೆಗೆ ಇಡಿ ಅಂತ ಮುಂದಕ್ಕೆ ಹಾಕಿದ್ರು.

ಬೇಡ ಅಂದವರ ಮಾತೂ ನನಗೆ ತಪ್ಪು ಅನಿಸಲಿಲ್ಲ. ಅದಕ್ಕೇ ಕೇಳ್ತಿದೀನಿ. ಹಂಪು ಹಾಕಿದ್ರೆ ನಿಜವಾಗ್ಲೂ ವೇಗ ಕಮ್ಮಿ ಆಗುತ್ತಾ? ಎಷ್ಟು ಹಾಕಿಸಬೇಕು, ಎಂಥದ್ದು?

ಕೀಲುಕೋಟೆ ಹುಡುಗ:
ಹಾಕಿಸಿ ಅಕ್ಕ. ಯೋಚನೇನೇ ಬೇಡ.

ಮುಳಬಾಗಿಲು ಪಿಕಪ್:
ಅಕ್ಕ, ಅಜ್ಜಿಗಾಗಿದ್ದು ಕೇಳಿ ಬೇಜಾರಾಯ್ತು. ನಾನು ಹನ್ನೊಂದು ವರ್ಷದಿಂದ ಟೊಮೆಟೊ ಲೋಡು ಹೊಡೀತಿದೀನಿ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ. ಸೀಜನ್ನಿನಲ್ಲಿ ದೊಡ್ಡ ರಸ್ತೇಲಿ ಹೊರರಾಜ್ಯದ ಲಾರಿ ಸಾಲಾಗಿ ನಿಂತಿರ್ತವೆ. ಹರಾಜಿಗೆ ಮುಂಚೆ ಮಂಡೀಲಿ ಬಾಕ್ಸು ಇಳಿಸದಿದ್ರೆ ರೈತನ ಮಾಲು ಹಿಂದಕ್ಕೆ ಬೀಳುತ್ತೆ. ಅದಕ್ಕೆ ಒಳದಾರಿ ಹಿಡೀತೀವಿ.

ಹಂಪು ಅಂದ್ರೆ ನಮಗೆ ಭಯ ಯಾಕೆ ಗೊತ್ತಾ? 15 ಕಿಲೋ ಬಾಕ್ಸು, ಒಂದರ ಮೇಲೊಂದು ಜೋಡಿಸಿರ್ತೀವಿ. ಗೋಡೆ ಥರ ಎದ್ದಿರೋ ಹಂಪು ಹತ್ತಿ ಧಡ್ ಅಂತ ಇಳಿದ್ರೆ ಕೆಳಗಿನ ಬಾಕ್ಸಿನ ಹಣ್ಣು ಒಡೆದು ರಸ ಸೋರುತ್ತೆ. ಒಂದು ಬಾಕ್ಸಿನಲ್ಲಿ ನಾಲ್ಕು ಹಣ್ಣು ಒಡೆದಿದ್ರೂ ಹರಾಜಿನಲ್ಲಿ ಪೂರ್ತಿ ಲಾಟಿಗೇ ರೇಟು ಇಳಿಸ್ತಾರೆ. ನಷ್ಟ ಬೆಳೆದವನಿಗೆ. ಆರು ಹಂಪು ಅಂದ್ರೆ ಆರು ಸಲ ಧಡ್. ಒಳ್ಳೆ ಹಂಪು ಹಾಕಿಸಿ, ನಿಧಾನಕ್ಕೆ ಹೋಗ್ತೀವಿ. ಕೆಟ್ಟ ಹಂಪು ಬೇಡ ಅಂತ ಕೈ ಮುಗಿದು ಕೇಳ್ತೀನಿ.

ಗಲ್‌ಪೇಟೆಯವ:
ಅಣ್ಣ, ನಿಧಾನಕ್ಕೆ ಹೋಗೋಕೆ ಹಂಪು ಯಾಕೆ ಬೇಕು? ಮನೆ ಬಾಗಿಲುಗಳು ರಸ್ತೆಗೇ ತೆರೆದಿರೋ ಬೀದೀಲಿ ಮೂವತ್ತರಲ್ಲಿ ಹೋದ್ರೆ ಈ ಚರ್ಚೆಯೇ ಇರಲ್ಲ.

ಮುಳಬಾಗಿಲು ಪಿಕಪ್:
ಒಪ್ಕೋತೀನಿ. ನಾನು ಹೋಗ್ತೀನಿ ಮೂವತ್ತರಲ್ಲಿ. ಎಲ್ಲಾ ಡ್ರೈವರೂ ಹೋಗಲ್ಲ, ಅದೂ ನಿಜ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಸಿಗೋರು ಇನ್ನೊಂದು ಲೋಡಿಗೆ ಓಡ್ತಾರೆ.

ಹಳೇ ಸಿವಿಲ್:
ಮೂಲೆಮನೆ ಮೇಡಂ, ನಾನು ರಸ್ತೆ ಕೆಲಸದಲ್ಲೇ ಮೂವತ್ತೊಂದು ವರ್ಷ ಇದ್ದು ನಿವೃತ್ತನಾದವನು. ಎಷ್ಟು ಹಂಪು ಅನ್ನೋದಕ್ಕಿಂತ ಮೊದಲು ಎಂಥ ಹಂಪು ಅಂತ ನೋಡಬೇಕು. ನಮ್ಮೂರಲ್ಲಿ ಹಂಪು ಅಂತ ಕರೆಯೋದ್ರಲ್ಲಿ ಎರಡು ಜಾತಿ ಇದೆ. ಒಂದು ಕಿರಿದಾದ ದಿಣ್ಣೆ. ಒಂದಡಿ, ಒಂದೂವರೆ ಅಡಿ ಅಗಲ, ಅರ್ಧ ಅಡಿ ಎತ್ತರ. ಇನ್ನೊಂದು ಅಗಲವಾದ ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆಂದೇ 1988ರಲ್ಲಿ ಐಆರ್‌ಸಿ 99 ಅನ್ನೋ ಮಾರ್ಗಸೂಚಿ ತಂತು, 2018ರಲ್ಲಿ ಪರಿಷ್ಕರಿಸಿತು. ಆ ಮೊದಲ ಮಾರ್ಗಸೂಚಿ ಹೇಳೋ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಮೇಲ್ಮೈ 17 ಮೀಟರ್ ತ್ರಿಜ್ಯದ ಕಮಾನು. ನಮ್ಮ ಲೆಕ್ಕದಲ್ಲಿ ಹನ್ನೆರಡು ಅಡಿ ಅಗಲ, ನಾಲ್ಕಿಂಚು ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟೋಕೆ ಅಂತಲೇ ಮಾಡಿದ ಆಕಾರ ಅದು.

ಈ ಆಕಾರದ ಮೂಲ ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯ. 1970ರ ದಶಕದ ಶುರುವಿನಲ್ಲಿ ವಾಟ್ಸ್ ಅನ್ನೋವರು ಬೇರೆ ಬೇರೆ ಅಳತೆ ಮೇಲೆ ಗಾಡಿ ಓಡಿಸಿ ಪರೀಕ್ಷೆ ಮಾಡಿ ಹೇಳಿದ್ದು. ಅವರಿಗೆ ಕಂಡಿದ್ದನ್ನ ಎಲ್ಲರೂ ತಿಳ್ಕೊಬೇಕು. ಕಿರಿದಾದ ದಿಣ್ಣೆ ಮೇಲೆ ನಿಧಾನಕ್ಕೆ ಹೋದವನಿಗೆ ಕುಲುಕಾಟ ಜಾಸ್ತಿ. ಜೋರಾಗಿ ಹೋದ್ರೆ ಗಾಲಿ ಮತ್ತು ಸಸ್ಪೆನ್ಷನ್ ಹೊಡೆತ ನುಂಗಿಬಿಡುತ್ತೆ, ಕಾರಿನೊಳಗೆ ಕೂತವನಿಗೆ ಅಷ್ಟಾಗಿ ಗೊತ್ತಾಗಲ್ಲ. ಅಂದ್ರೆ ಜೋರಾಗಿ ಹೋಗೋನಿಗೇ ಅನುಕೂಲ! ಅಗಲವಾದ ಉಬ್ಬಿನಲ್ಲಿ ಇಡೀ ಗಾಡಿ ಮೇಲೆದ್ದು ಇಳಿಯುತ್ತೆ. 25ರಲ್ಲಿ ತೊಟ್ಟಿಲು ತೂಗಿದಂತೆ ದಾಟುತ್ತೆ, 50ರಲ್ಲಿ ಹೋದ್ರೆ ತಲೆ ಮೇಲಕ್ಕೆ ಹೊಡೆಯುತ್ತೆ. ವೇಗ ಏರಿದಷ್ಟೂ ಕಷ್ಟ ಏರುತ್ತೆ. ಪಿಕಪ್ ಅವರು ಹೇಳ್ತಿರೋ ಒಳ್ಳೆ ಹಂಪು, ಕೆಟ್ಟ ಹಂಪು ಅಂದ್ರೆ ಇದೇ.

ಆರು ಬೇಡ. ಒಂದರ ನಡುವಿಂದ ಇನ್ನೊಂದರ ನಡುವಿಗೆ 100ರಿಂದ 120 ಮೀಟರ್ ಇರಬೇಕು ಅಂತಿದೆ. ನಾನೂರು ಮೀಟರ್ ಬೀದಿಗೆ ಮೂರು ಸಾಕು.

ಮೂಲೆಮನೆ:
ಸಾರ್, ಇದನ್ನ ಸಭೇಲಿ ಯಾರೂ ಬಿಡಿಸಿ ಹೇಳಲಿಲ್ಲ. ಮಾರ್ಗಸೂಚಿ ಪ್ರಕಾರ ಮಾಡಬೇಕು ಅಂತ ಮಾತ್ರ ಕಿವಿಗೆ ಬಿತ್ತು.

ಬಿಳಿ ಸ್ಕೂಟಿ:
ನನಗೆ ಎರಡು ವರ್ಷದ ಹಿಂದೆ ಬೆನ್ನುಹುರಿ ಆಪರೇಷನ್ ಆಗಿದೆ. ಡಿಸ್ಚಾರ್ಜ್ ಆದ ದಿನ ಆಟೋದಲ್ಲಿ ಮನೆಗೆ ಬರುವಾಗ ದಾರೀಲಿ ಒಂಬತ್ತು ಹಂಪು. ನಮ್ಮ ಯಜಮಾನರು ಪ್ರತಿ ಹಂಪಿಗೂ ಮುಂಚೆ "ಬಂತು, ಬಂತು" ಅಂತ ಹೇಳೋರು, ನಾನು ಕಂಬಿ ಹಿಡ್ಕೊಂಡು ಎದ್ದು ಕೂರೋಳು. ಮನೆ ತಲುಪೋ ಹೊತ್ತಿಗೆ ಅತ್ತು ಅತ್ತು ಸಾಕಾಗಿತ್ತು. ಬೇಕು ಅನ್ನೋವರು ದಯವಿಟ್ಟು ತುಂಬಿದ ಬಸುರಿಯರನ್ನ, ಬೆನ್ನುನೋವಿನವರನ್ನ ಒಂದು ಸಲ ನೆನೆಸ್ಕೊಳ್ಳಿ. ಹಳೇ ಸಿವಿಲ್ ಸಾರ್ ಹೇಳಿದ ಆಕಾರದ್ದು ಊರಲ್ಲಿ ಎಲ್ಲಾದ್ರೂ ಇದ್ರೆ ಹೇಳಿ, ನಾನೇ ಹೋಗಿ ದಾಟಿ ನೋಡ್ತೀನಿ.

ನರ್ಸಮ್ಮ:
ನಾನು ಕ್ಯಾಶುಯಾಲ್ಟಿಯಲ್ಲಿ ರಾತ್ರಿ ಪಾಳಿ ಮಾಡ್ತೀನಿ. ಎರಡೂ ಥರದವರು ಬರ್ತಾರೆ. ಗಾಡಿ ಹೊಡೆದು ಬಂದವರೂ ಇದಾರೆ, ಹಂಪು ಕಾಣದೆ ಹಾರಿ ಬಿದ್ದವರೂ ಇದಾರೆ. ಹಂಪಿಂದ ಬೀಳೋರಲ್ಲಿ ನಾನು ಜಾಸ್ತಿ ನೋಡಿರೋದು ಹಿಂದೆ ಕೂತ ಹೆಂಗಸರನ್ನ. ಒಂದೇ ಕಡೆ ಕಾಲು ಹಾಕಿ ಕೂತಿರ್ತಾರೆ, ತೊಡೆ ಮೇಲೆ ಮಗು, ತಲೆಗೆ ಹೆಲ್ಮೆಟ್ ಇಲ್ಲ. ಓಡಿಸೋನಿಗೆ ಹ್ಯಾಂಡಲ್ ಇರುತ್ತೆ, ಇವರಿಗೆ ಏನೂ ಇಲ್ಲ. ಬಣ್ಣ ಇಲ್ಲದ ಹಂಪು, ಬೀದಿದೀಪ ಇಲ್ಲದ ಹಂಪು ಯಾರೂ ಹಾಕಿಸಬೇಡಿ.

ಬಂಗಾರಪೇಟೆ ಲೋಕಲ್:
ನಮ್ಮ ಅಮ್ಮ ಹಾಗೇ ಬಿದ್ದಿದ್ದು. ರಾತ್ರಿ ಒಂಬತ್ತು ಗಂಟೆ, ಸಂಬಂಧಿಕರ ಮನೆಯಿಂದ ಬರ್ತಿದ್ವಿ. ಹಿಂದಿನ ವಾರ ಇಲ್ಲದ ಹಂಪು ಅವತ್ತು ಇತ್ತು. ಬೋರ್ಡಿಲ್ಲ, ಬಿಳಿ ಪಟ್ಟೆ ಇಲ್ಲ, ಹೊಸ ಡಾಂಬರು ಕರ್ರಗೆ ರಸ್ತೆ ಜೊತೆ ಬೆರೆತುಹೋಗಿತ್ತು. ಗಾಡಿ ಓಡಿಸ್ತಿದ್ದೋನು ನಾನೇ. ನಲವತ್ತರಲ್ಲಿದ್ದೆ ಅಷ್ಟೆ. ಅಮ್ಮ ಹದಿನೇಳು ದಿನ ಆಸ್ಪತ್ರೇಲಿದ್ದು ಹೋದ್ರು. ಆ ಹಂಪು ಆಮೇಲೆ ಯಾರೋ ಕಿತ್ತು ಹಾಕಿದಾರೆ. ರಸ್ತೆ ಮೇಲೆ ಗುರುತೂ ಇಲ್ಲ ಈಗ.

ಮೂಲೆಮನೆ:
ಏನು ಹೇಳಬೇಕೋ ಗೊತ್ತಾಗ್ತಿಲ್ಲ. ನಿಮ್ಮ ಮಾತು ಅರ್ಜೀಲಿ ಬರೀತೀನಿ. ಹಂಪಿನ ಜೊತೆಗೇ ಬಣ್ಣ, ಬೋರ್ಡು, ದೀಪ. ಮೂರೂ ಇಲ್ಲದಿದ್ರೆ ಹಂಪೂ ಬೇಡ ಅಂತ.

ಹಳೇ ಸಿವಿಲ್:
ಬರೀರಿ. ಮುಂಚಿತ ಎಚ್ಚರಿಕೆ ಫಲಕ 40 ಮೀಟರ್ ಮೊದಲೇ ಇರಬೇಕು, ಉಬ್ಬಿನ ಮೇಲೆ ಕಪ್ಪು ಬಿಳಿ ಪಟ್ಟೆ ಇರಬೇಕು ಅಂತ ಅದೇ ಮಾರ್ಗಸೂಚಿಯಲ್ಲಿದೆ. ಬಂಗಾರಪೇಟೆಯವರೇ, ನೀವು ಮಾಡಿದ ತಪ್ಪಲ್ಲ ಅದು. ಹಂಪು ಹಾಕಿ ಬಣ್ಣ ಬಳಿಯದೆ ಎದ್ದು ಹೋದವರ ತಪ್ಪು.

ಕಾನೂನು ಓದ್ತಿರೋಳು:
ಇದಕ್ಕೆ ಸೆಕ್ಷನ್ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಅಂತ ಸೇರಿಸಿದಾರೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಗುಣಮಟ್ಟ ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಆದ್ರೆ ಹೊಣೆ ಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ, ಸಲಹೆಗಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ.

ಗಲ್‌ಪೇಟೆಯವ:
ಒಂದು ಲಕ್ಷ ಯಾವ ಮೂಲೆಗಮ್ಮ? ಒಂದು ಜೀವ ಹೋಗಿದೆ ಅಲ್ಲಿ.

ಕಾನೂನು ಓದ್ತಿರೋಳು:
ಸಾಲದು ಅಂತ ನನಗೂ ಅನಿಸುತ್ತೆ ಅಣ್ಣ. ಆದ್ರೂ ಅರ್ಜೀಲಿ ಆ ಸೆಕ್ಷನ್ ನಂಬರು ಹಾಕಿದ್ರೆ ಎಂಜಿನಿಯರ್ ಟೇಪು ಹಿಡ್ಕೊಂಡೇ ಬರ್ತಾರೆ. ದಂಡಕ್ಕಿಂತ ಅದರ ಉಪಯೋಗ ಅಲ್ಲಿದೆ.

ಎಂಟನೇ ಮನೆ:
ನಾನೂ ಮೂಲೆಮನೆಯವರ ಬೀದಿಯವನೇ. ಸೋಮವಾರ ಸಭೆಗೆ ನಾನು ಬರಲಿಲ್ಲ, ಕಾರಣ ಇಲ್ಲೇ ಹೇಳಿಬಿಡ್ತೀನಿ. ಹಂಪು ಹಾಕೋ ಜಾಗ ಅಂತ ಮೆಂಬರು ಬೆರಳು ತೋರಿಸಿದ್ದು ನನ್ನ ಗೇಟಿನ ಮುಂದೆ. ಮನೇಲಿ ಆರು ತಿಂಗಳ ಕೂಸಿದೆ. ಲೋಡಿದ್ದ ಪಿಕಪ್ ಹೋಗುವಾಗ ಸದ್ದು ಕಮ್ಮಿ, ಆದ್ರೆ ಖಾಲಿ ಕ್ರೇಟು ತುಂಬ್ಕೊಂಡು ವಾಪಸ್ ಬರುವಾಗ ಹಂಪು ಹಾರಿದ್ರೆ ಕ್ರೇಟೆಲ್ಲ ಎಗರಿ ಬೀಳೋ ಸದ್ದು ಹೆಂಗಿರುತ್ತೆ ಅಂತ ನನ್ನ ಅಕ್ಕನ ಮನೇಲಿ ಒಂದು ರಾತ್ರಿ ಮಲಗಿ ತಿಳ್ಕೊಂಡಿದೀನಿ. ಅವರ ಗೋಡೇಲಿ ಬಿರುಕೂ ಬಿಟ್ಟಿದೆ.

ಇನ್ನೊಂದು ವಿಷಯ ನೀರು. ನಮ್ಮ ಬೀದಿ ಗುಡಿ ಕಡೆಗೆ ಇಳಿಜಾರು. ಅಡ್ಡಲಾಗಿ ದಿಣ್ಣೆ ಹಾಕಿದ್ರೆ ಮಳೆನೀರು ಎಲ್ಲಿಗೆ ಹೋಗಬೇಕು? ನನ್ನ ಮನೆ ಒಳಗೆ. ಬೀದಿಗೆ ಹಂಪು ಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ, ಆ ಅಜ್ಜಿ ನನ್ನನ್ನ ಎತ್ತಿ ಆಡಿಸಿದವರು. ನನ್ನ ಗೇಟಿನ ಮುಂದೆ ಬೇಡ.

ಕೀಲುಕೋಟೆ ಹುಡುಗ:
ಎಲ್ರೂ ನಮ್ಮನೆ ಮುಂದೆ ಬೇಡ ಅಂದ್ರೆ ಯಾರ ಮನೆ ಮುಂದೆ ಹಾಕೋದು ಸಾರ್?

ಎಂಟನೇ ಮನೆ:
ಅಂಗನವಾಡಿ ಮುಂದೆ ಹಾಕಿ. ರಾತ್ರಿ ಅಲ್ಲಿ ಯಾರೂ ಮಲಗಲ್ಲ. ಹಗಲು ಅಲ್ಲೇ ಮಕ್ಕಳು ದಾಟೋದು.

ಮೂಲೆಮನೆ:
ಇದು ನನಗೆ ಹೊಳೆದೇ ಇರಲಿಲ್ಲ.

ಹಳೇ ಸಿವಿಲ್:
ಒಳ್ಳೆ ಮಾತು. ನೀರಿನ ವಿಷಯಕ್ಕೂ ಉತ್ತರ ಇದೆ. ಉಬ್ಬು ರಸ್ತೆಯ ಪೂರ್ತಿ ಅಗಲಕ್ಕೆ ಬರಬೇಕು, ಇಲ್ಲದಿದ್ರೆ ಬೈಕುಗಳೆಲ್ಲ ಅಂಚಿನ ಸಂದೀಲಿ ನುಗ್ತವೆ, ಅದೂ ಮನೆ ಗೇಟಿಗೆ ಅಂಟ್ಕೊಂಡು. ಹಾಗಾಗಿ ಚರಂಡಿ ಅಂಚಿನ ತನಕ ಹಾಕಿ, ಇಳಿಜಾರಿನ ಮೇಲ್ಭಾಗದಲ್ಲಿ, ಉಬ್ಬಿಗೆ ಒಂದಡಿ ಮುಂಚೆ ನೀರು ಚರಂಡಿಗೆ ಇಳಿಯೋ ಹಾಗೆ ಕಿಂಡಿ ಕೊಡಿಸಿ. ಅಂಗನವಾಡಿ ಹತ್ರ ಚರಂಡಿ ತೆರೆದಿದೆಯಾ, ಚಪ್ಪಡಿ ಮುಚ್ಚಿದೆಯಾ?

ಮೂಲೆಮನೆ:
ಚಪ್ಪಡಿ. ಎರಡು ಒಡೆದಿವೆ.

ಗಲ್‌ಪೇಟೆಯವ:
ಚರಂಡಿ ಬಂತಲ್ಲ, ಅದಕ್ಕೆ ಹೇಳ್ತೀನಿ. ನಮ್ಮ ಬೀದೀಲಿ ಹಂಪು ಕೇಳದೇ ಬಂದಿದೆ. ನೀರಿನ ಪೈಪಿಗೆ ಅಗೆದು ಮಣ್ಣು ಮುಚ್ಚಿ ಹೋದ್ರು, ಅದು ಒಂದು ಕಡೆ ಕುಸೀತು, ಒಂದು ಕಡೆ ಉಬ್ಬಿತು. ಯರಗೋಳ್ ಅಣೆಕಟ್ಟಿನ ನೀರು ಬರುತ್ತೆ ಅಂತ ಎಷ್ಟು ವರ್ಷ ಕಾದವರು ನಾವು. ನೀರು ಬೇಕು, ಅಗೆಯೋದೂ ಸರಿ. ಅಗೆದ ಮೇಲೆ ರೋಲರ್ ಹೊಡೆದು ಹೋಗೋಕೆ ಏನಾಗಿತ್ತು?

ಬಂಗಾರಪೇಟೆ ಲೋಕಲ್:
ನಮ್ಮಲ್ಲೂ ಅದೇ ಪಾಡು.

ಚಿಂತಾಮಣಿ ಸೊಸೆ:
ಪಿಕಪ್ ಅಣ್ಣ, ಇವತ್ತು ಬಾಕ್ಸು ಎಷ್ಟಕ್ಕೆ ಹೋಯ್ತು? ನಮ್ಮ ಮಾವ ನಾಳೆ ಕೀಳಿಸಬೇಕು ಅಂತಿದಾರೆ.

ಮುಳಬಾಗಿಲು ಪಿಕಪ್:
ಮಾಲು ನೋಡಿ ರೇಟಮ್ಮ, ಇಲ್ಲಿ ಹೇಳಿದ್ರೆ ಸರಿಹೋಗಲ್ಲ, ಮಂಡಿಗೆ ಫೋನ್ ಮಾಡಿಸಿ. 2023ರ ಜುಲೈ ನೆನಪಿದೆಯಲ್ಲ, 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ಹಂಪು ಕಂಡ್ರೆ ಎದೆ ಹೊಡ್ಕೊಳ್ಳೋದು. ಒಂದು ಬಾಕ್ಸು ಒಡೆದ್ರೆ ನನ್ನ ಮೂರು ದಿನದ ದುಡಿಮೆ.

ಗಲ್‌ಪೇಟೆಯವ:
ಹಂಪಿನ ವಿಷಯಕ್ಕೆ ಬನ್ನಿ.

ವಿಜ್ಞಾನದ ಮೇಷ್ಟ್ರು:
ತಡವಾಗಿ ಬಂದೆ, ಎಲ್ಲ ಓದಿದೆ. ಹತ್ತನೇ ತರಗತಿ ಮಕ್ಕಳಿಗೆ ಹೇಳೋ ಲೆಕ್ಕವನ್ನೇ ಇಲ್ಲಿ ಹೇಳ್ತೀನಿ. ಗಂಟೆಗೆ 36 ಕಿ.ಮೀ. ಅಂದ್ರೆ ಸೆಕೆಂಡಿಗೆ 10 ಮೀಟರ್. ಅಂಗನವಾಡಿಯಿಂದ ಮಗು ಓಡಿ ಬಂತು ಅಂದ್ಕೊಳ್ಳಿ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋಕೇ ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ ಮೂವತ್ತಮೂರು ಅಡಿ ಮುಂದೆ ಬಂದಿರುತ್ತೆ, ಬ್ರೇಕು ಇನ್ನೂ ಹಿಡಿದೇ ಇಲ್ಲ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತ. 25ರಲ್ಲಿ ಹೋಗೋ ಗಾಡಿ 50ರಲ್ಲಿ ಹೋದ್ರೆ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದ್ರೆ ಸಾವು ತರುವ ಅಪಘಾತದ ಅಪಾಯ ನೂರಕ್ಕೆ ನಾಲ್ಕು ಪಾಲು ಏರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಜನ ಮತ್ತು ವಾಹನ ಬೆರೆತು ಓಡಾಡೋ ಕಡೆ 30 ಕಿ.ಮೀ. ಮಿತಿ ಇರಲಿ ಅಂತ 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್ ಘೋಷಣೆಯಲ್ಲೂ ಬಂತು. ನಮ್ಮ ಬೀದಿಗಳು ಅಂಥವೇ ಅಲ್ಲವೇ?

ಮಕ್ಕಳಿಗೆ ಇಷ್ಟವಾಗೋ ಒಂದು ಸಂಗತಿ. ಆರ್ಥರ್ ಕಾಂಪ್ಟನ್ ಗೊತ್ತಲ್ಲ, ಎಕ್ಸ್ ಕಿರಣಗಳ ಮೇಲಿನ ಕಾಂಪ್ಟನ್ ಪರಿಣಾಮಕ್ಕೆ 1927ರಲ್ಲಿ ನೊಬೆಲ್ ಪಡೆದವರು. ಅದೇ ಕಾಂಪ್ಟನ್ 1953ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ತಾವಿದ್ದ ವಿಶ್ವವಿದ್ಯಾಲಯದ ಆವರಣದಲ್ಲಿ ಗಾಡಿಗಳು ಜೋರಾಗಿ ಓಡ್ತಿದ್ದವು ಅಂತ ರಸ್ತೆಗೆ ಉಬ್ಬು ಲೆಕ್ಕ ಹಾಕಿ ವಿನ್ಯಾಸ ಮಾಡಿದ್ರು. ಹಂಪು ಅಂದ್ರೆ ಜಲ್ಲಿ ಡಾಂಬರು ಸುರಿದು ಗುದ್ದಲಿಯಲ್ಲಿ ತಟ್ಟೋದು ಅಂತ ನಾವು ತಿಳ್ಕೊಂಡಿದೀವಿ. ಅದು ಲೆಕ್ಕದ ಕೆಲಸ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಬೀದೀಲೂ ಇದೇ ಸಮಸ್ಯೆ ಇತ್ತು. ಒಂದು ಸಂಜೆ ಆರರಿಂದ ಏಳರ ತನಕ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಕೂತು ನೋಡಿದೆ. ಜೋರಾಗಿ ಹೋದವರಲ್ಲಿ ಹೊರಗಿನವರಿಗಿಂತ ನಮ್ಮ ಬೀದಿ ಹುಡುಗರೇ ಜಾಸ್ತಿ. ಒಬ್ಬ ನನ್ನ ವಿದ್ಯಾರ್ಥಿ, ಇನ್ನೂ ಲೈಸೆನ್ಸ್ ಬರೋ ವಯಸ್ಸಲ್ಲ.

ಮೂಲೆಮನೆ:
ಮೇಷ್ಟ್ರೇ, ನನ್ನ ತಂಗಿ ಮಗನೂ ಹಾಗೇ ಓಡಿಸ್ತಾನೆ. ಇವತ್ತೇ ಕೀ ತೆಗೆದಿಡ್ತೀನಿ.

ಕಾನೂನು ಓದ್ತಿರೋಳು:
ತೆಗೆದಿಡಿ ಅಕ್ಕ. ಅದೇ 2019ರ ತಿದ್ದುಪಡಿಯ 199ಎ ಪ್ರಕಾರ ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದ್ರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಕೀಲುಕೋಟೆ ಹುಡುಗ:
ಹಂಪಿಗೆ ನಗರಸಭೆ ತನಕ ಯಾಕೆ ಹೋಗಬೇಕು? ನಮ್ಮ ಕಡೆ ಒಂದು ಮನೆ ಕಟ್ಟೋವಾಗ ಉಳಿದ ಕಾಂಕ್ರೀಟಲ್ಲಿ ಹುಡುಗರೇ ಸೇರಿ ರಾತ್ರೋರಾತ್ರಿ ಒಂದು ಹಾಕಿದ್ರು. ಮಾರನೇ ದಿನದಿಂದ ಎಲ್ಲಾ ಗಾಡಿ ನಿಧಾನ.

ಬಂಗಾರಪೇಟೆ ಲೋಕಲ್:
ತಮ್ಮಾ, ದಯವಿಟ್ಟು ಹೋಗಿ ಅದನ್ನ ಒಡೆಸು. ನಮ್ಮಮ್ಮ ಬಿದ್ದಿದ್ದು ಅಂಥದ್ರ ಮೇಲೇ ಇರಬಹುದು.

ಹಳೇ ಸಿವಿಲ್:
ಸಾರ್ವಜನಿಕ ರಸ್ತೆ ಮೇಲೆ ಅನುಮತಿ ಇಲ್ಲದೆ ನಾವು ಏನೂ ಕಟ್ಟೋ ಹಾಗಿಲ್ಲ. ಅಲ್ಲಿ ಯಾರಾದ್ರೂ ಬಿದ್ದು ಸತ್ರೆ ಕೇಸು ಆ ಹಂಪು ಹಾಕಿದವರ ತಲೆ ಮೇಲೆ ಬರುತ್ತೆ. ಬೇಡಪ್ಪ.

ಕೀಲುಕೋಟೆ ಹುಡುಗ:
ಸರಿ ಸಾರ್. ನಾಳೆ ಹುಡುಗರ ಹತ್ರ ಮಾತಾಡ್ತೀನಿ. ಬಂಗಾರಪೇಟೆ ಅಣ್ಣ, ಕ್ಷಮಿಸಿ.

ಗಲ್‌ಪೇಟೆಯವ:
ಹಂಪೇ ಯಾಕೆ? ಬೀದಿ ಎರಡೂ ತುದಿಗೆ ಕಬ್ಬಿಣದ ಕಮಾನು ನಿಲ್ಲಿಸಿ. ಎತ್ತರದ ಗಾಡಿ ಒಳಗೆ ಬರೋಕೇ ಆಗಬಾರದು.

ಎಂಟನೇ ಮನೆ:
ನೀರಿನ ಟ್ಯಾಂಕರ್ ಹೆಂಗೆ ಬರುತ್ತೆ? ಬೇಸಿಗೇಲಿ ನಮ್ಮ ಬೀದಿ ಬದುಕೋದೇ ಟ್ಯಾಂಕರ್ ಮೇಲೆ. ಬೆಂಕಿ ಬಿದ್ರೆ ಅಗ್ನಿಶಾಮಕ?

ನರ್ಸಮ್ಮ:
108 ಆಂಬುಲೆನ್ಸ್ ಕೂಡ ಬರಬೇಕು. ಬೇಡ.

ಹಳೇ ಸಿವಿಲ್:
ಅಂಗನವಾಡಿ ಮುಂದಿನದನ್ನ ಬೇಕಾದ್ರೆ ಮೇಲೆ ಚಪ್ಪಟೆ ಇರೋ ಉಬ್ಬಾಗಿ ಕೇಳಬಹುದು. ಎರಡು ಕಡೆ ಇಳಿಜಾರು, ಮೇಲೆ ಜೀಬ್ರಾ ಪಟ್ಟೆ. ಮಕ್ಕಳು ಅದರ ಮೇಲೇ ದಾಟ್ತಾರೆ, ಡ್ರೈವರ್ ಕಣ್ಣಿಗೆ ಎತ್ತರದಲ್ಲಿ ಕಾಣ್ತಾರೆ. ಖರ್ಚು ಜಾಸ್ತಿ, ಕೇಳಿ ನೋಡಿ. ರಬ್ಬರ್ ಪಟ್ಟಿಗೆ ಮಾತ್ರ ಒಪ್ಪಬೇಡಿ. ನಾಲ್ಕು ತಿಂಗಳಿಗೆ ತುಂಡು ಕಿತ್ತು ಹೋಗಿ ಬೋಲ್ಟು ಮೇಲೆ ನಿಂತಿರ್ತವೆ, ಎಷ್ಟೋ ಟೈರು ಹರಿದಿದ್ದು ನೋಡಿದೀನಿ.

ಮರಗೆಲಸ:
ಸಾರ್, ಒಂದು ಕೇಳ್ತೀನಿ. ನೀವು ಹೇಳಿದ ಕಮಾನು ಡಾಂಬರು ಹಾಕೋರಿಗೆ ಹೆಂಗೆ ಗೊತ್ತಾಗುತ್ತೆ? ಅವರು ಕಣ್ಣಂದಾಜಲ್ಲಿ ತಟ್ಟೋದು. ನಾವು ಬಾಗಿಲ ಮೇಲಿನ ಕಮಾನು ಮಾಡೋವಾಗ ಪ್ಲೈವುಡ್ಡಲ್ಲಿ ಅಚ್ಚು ಕೊಯ್ತೀವಿ. ಅಳತೆ ಕೊಟ್ರೆ ಇದಕ್ಕೂ ಕೊಯ್ದು ಕೊಡ್ತೀನಿ. ದುಡ್ಡು ಬೇಡ.

ಹಳೇ ಸಿವಿಲ್:
ಇಷ್ಟು ದಿನದಲ್ಲಿ ಈ ಮಾತು ಕೇಳಿದ್ದು ನೀವೊಬ್ಬರೇ. ಅಚ್ಚು ಇಲ್ಲದೆ ಆ ಆಕಾರ ಬರಲ್ಲ. ಬರ್ಕೊಳ್ಳಿ. ಒಟ್ಟು ಉದ್ದ ಹನ್ನೆರಡು ಅಡಿ. ಅಂಚಿನಲ್ಲಿ ಸೊನ್ನೆ. ಅಂಚಿಂದ ಒಂದೂವರೆ ಅಡಿ ಒಳಗೆ ಒಂದೂ ಮುಕ್ಕಾಲು ಇಂಚು. ಮೂರು ಅಡಿಗೆ ಮೂರು ಇಂಚು. ಆರು ಅಡಿಗೆ, ಅಂದ್ರೆ ನಟ್ಟನಡುವೆ, ನಾಲ್ಕು ಇಂಚು. ಆ ಕಡೆಗೂ ಹಾಗೇ ಇಳಿಸ್ಕೊಂಡು ಹೋಗಿ. ಕಮಾನಿನ ಒಳಬದಿ ರಸ್ತೆ ಮೇಲೆ ಕೂರೋ ಹಾಗೆ ಕೊಯ್ಯಿರಿ. ರೋಲರ್ ಹೊಡೆದ ಮೇಲೂ ಈ ಅಳತೆ ಉಳಿಬೇಕು, ಮೊದಲೇ ಅಷ್ಟೇ ಹಾಕಿದ್ರೆ ಒತ್ತಿ ಕಮ್ಮಿ ಆಗುತ್ತೆ.

ಮರಗೆಲಸ:
ಎಂಟಡಿ ಶೀಟು ಎರಡು ಜೋಡಿಸಬೇಕು. ಭಾನುವಾರದೊಳಗೆ ಆಗುತ್ತೆ.

ಬಿಳಿ ಸ್ಕೂಟಿ:
ಮೂಲೆಮನೆಯವರೇ, ಅರ್ಜಿ ಹೇಗೆ ಬರೀತೀರಿ ಅಂತ ಇಲ್ಲಿ ಹಾಕಿ. ನಮ್ಮ ಬೀದಿಯವರೂ ಬರೀತೀವಿ. ಇರೋ ದಿಣ್ಣೆಗಳನ್ನ ತೆಗೆದು ಈ ಆಕಾರಕ್ಕೆ ಮಾಡಿ ಅಂತ.

ಮೂಲೆಮನೆ:
ಹೀಗೆ ಬರ್ದಿದೀನಿ ನೋಡಿ. ಬೀದಿಯ ಕೈನಕ್ಷೆ ಒಂದು ಹಾಳೆ, ಮೂರು ಜಾಗ ಗುರುತು. ಮೊದಲನೇದು ಬೀದಿಗೆ ತಿರುಗಿದ ಕೂಡಲೇ ಬರೋ ಖಾಲಿ ಸೈಟಿನ ಮುಂದೆ, ಎರಡನೇದು ಅಂಗನವಾಡಿ ಮುಂದೆ, ಮೂರನೇದು ಗುಡಿಗೆ ಸ್ವಲ್ಪ ಮುಂಚೆ. ಯಾರ ಗೇಟಿನ ಮುಂದೂ ಇಲ್ಲ. ಆ ಜಾಗದ ಎರಡೂ ಕಡೆ ಮನೆಯವರ ಒಪ್ಪಿಗೆ ಸಹಿ. ಅಳತೆ, ಬಣ್ಣ, ಬೋರ್ಡು, ದೀಪ, ನೀರಿನ ಕಿಂಡಿ. ಒಡೆದ ಎರಡು ಚಪ್ಪಡಿ ಕೂಡ ಸೇರಿಸಿದೀನಿ.

ಕಾನೂನು ಓದ್ತಿರೋಳು:
ಕೊಟ್ಟ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಸುಮ್ಮನಿದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಸ್ಥಳ ಪರಿಶೀಲನೆಯ ವರದಿ ಪ್ರತಿ ಕೇಳಿ.

ಎಂಟನೇ ಮನೆ:
ನನ್ನ ಸಹಿ ಮೊದಲು ಹಾಕಿಸ್ಕೊಳ್ಳಿ. ಸಂಜೆ ಮನೇಲಿರ್ತೀನಿ.

(ಐದು ವಾರದ ನಂತರ)

ಮೂಲೆಮನೆ:
ಎಲ್ರಿಗೂ ಹೇಳಬೇಕಿತ್ತು, ಓಡಾಟದಲ್ಲಿ ಆಗಲಿಲ್ಲ. ಪರಿಶೀಲನೆಗೆ ಎಂಜಿನಿಯರ್ ಬಂದ್ರು. ನಕ್ಷೆ ನೋಡಿ, ಮೊದಲನೇ ಜಾಗ ತಿರುವಿಗೆ ತೀರಾ ಹತ್ರ ಆಯ್ತು ಅಂತ ಸ್ವಲ್ಪ ಒಳಗೆ ಸರಿಸಿದ್ರು. ಸಭೇಲಿ ಮತ್ತೆ ವಾದ ಆಯ್ತು. ಹೋದ ಸಲ ತಡೆದಿದ್ದ ಸದಸ್ಯರೇ ಎದ್ದು, ಒಪ್ಪಿಗೆ ಸಹಿ, ಅಳತೆ ಎರಡೂ ಇಟ್ಟು ಕೇಳಿದ ಬೀದಿಗಳಿಗೆ ಮಾತ್ರ ಕೊಡೋಣ, ಬರೀ ಬಾಯಿಮಾತಿಗೆ ಬೇಡ ಅಂದ್ರು. ನಮ್ಮ ಮೂರಕ್ಕೂ ಒಪ್ಪಿಗೆ ಸಿಕ್ತು. ಚಪ್ಪಟೆ ಉಬ್ಬಿಗೆ ಹಣ ಇಲ್ಲ ಅಂದ್ರು, ಅಂಗನವಾಡಿ ಮುಂದೂ ಕಮಾನಿಂದೇ.

ಇವತ್ತು ಮಧ್ಯಾಹ್ನ ಎರಡು ಹಾಕಿದ್ರು. ಮರಗೆಲಸದ ಅಣ್ಣ ಅಚ್ಚು ಹೊತ್ಕೊಂಡು ಬಂದು ನಿಂತಿದ್ರು. ಮೊದಲನೇದು ಐದೂವರೆ ಇಂಚು ಎದ್ದಿತ್ತು. ಮೇಸ್ತ್ರಿಗೆ ಮೊದಲು ಸಿಟ್ಟು ಬಂತು, ಅಚ್ಚು ಇಟ್ಟು ತೋರಿಸಿದ ಮೇಲೆ ಅವರೇ ಬಿಸಿ ಇರೋವಾಗಲೇ ಕೆರೆಸಿ ಸರಿ ಮಾಡಿಸಿದ್ರು. ಎರಡನೇದಕ್ಕೆ ಅವರೇ ಅಚ್ಚು ಕೇಳಿ ಇಸ್ಕೊಂಡ್ರು. ಗುಡಿ ಹತ್ರದ್ದು ಬಾಕಿ, ಅಲ್ಲಿ ಪೈಪು ಸೋರ್ತಿದೆ, ಅದು ಸರಿಯಾಗದೆ ಡಾಂಬರು ನಿಲ್ಲಲ್ಲ ಅಂದ್ರು.

ಬಿಳಿ ಸ್ಕೂಟಿ:
ಸಂಜೆ ಆಟೋ ಮಾಡ್ಕೊಂಡು ಬಂದು ದಾಟಿ ನೋಡಿದೆ. ಎದ್ದು ಕೂರಬೇಕಾಗಲಿಲ್ಲ.

ಬಂಗಾರಪೇಟೆ ಲೋಕಲ್:
ಬಣ್ಣ ಆಯ್ತಾ?

ಮೂಲೆಮನೆ:
ಬೋರ್ಡು ನೆಟ್ಟಿದಾರೆ. ಬಣ್ಣದವರು ನಾಡಿದ್ದು ಬರ್ತಾರಂತೆ.

ಬಂಗಾರಪೇಟೆ ಲೋಕಲ್:
ನಾಡಿದ್ದು ಅಂದ್ರೆ ನಡುವೆ ಎರಡು ರಾತ್ರಿ ಇದೆ ಅಕ್ಕ. ಹೊಸ ಡಾಂಬರು, ಏನೂ ಕಾಣಲ್ಲ. ದಯವಿಟ್ಟು ಹಾಗೇ ಬಿಡಬೇಡಿ. ಸುಣ್ಣವಾದ್ರೂ ಹಾಕಿ.

ಎಂಟನೇ ಮನೆ:
ಅಂಗನವಾಡಿ ಹತ್ರದ ಕಂಬದ ಲೈಟು ಉರೀತಿದೆ. ಖಾಲಿ ಸೈಟಿನ ಹತ್ರ ಕತ್ತಲೆ. ನಮ್ಮ ಮನೆಯಿಂದ ವೈರ್ ಎಳೆದು ಬಲ್ಬು ಹಾಕ್ತಿದೀನಿ, ಎರಡು ರಾತ್ರೀನೂ ಬೆಳಗಿನ ತನಕ ಉರೀಲಿ.

ಮುಳಬಾಗಿಲು ಪಿಕಪ್:
ನಮ್ಮ ಡ್ರೈವರ್‌ಗಳ ಗ್ರೂಪಲ್ಲಿ ಫೋಟೋ ಸಮೇತ ಹಾಕಿದೀನಿ, ಮೂರೂವರೆಗೆ ಬರೋರೆಲ್ಲ ನೋಡಿದಾರೆ. ಬೈಕಿನವರಿಗೆ ಹೇಳೋರು ಯಾರು?

ಮೂಲೆಮನೆ:
ಸುಣ್ಣ ಕಲಸ್ತಿದೀನಿ. ಪೊರಕೆ ಇದ್ದವರು ತಗೊಂಡು ಬನ್ನಿ, ಮೊದಲು ಧೂಳು ಗುಡಿಸಬೇಕು.

ಎಂಟನೇ ಮನೆ:
ಬಂದೆ.